ಎಡಕ್ಕೊಂದು ಪ್ಯಾಟರ್ನ್, ಬಲಕ್ಕೊಂದು

ಕಾರ್ಸೆಟ್ ಹೊಲಿಯುವವರು ಇಡೀ ಮೈಗೆ ಪ್ಯಾಟರ್ನ್ ಬರೆಯುವುದಿಲ್ಲ, ಅರ್ಧ ಮೈಗೆ ಬರೆಯುತ್ತಾರೆ. ಎದೆಯ ನಡುವಿನಿಂದ ಬೆನ್ನಹುರಿಯವರೆಗೆ ಒಂದು ಬದಿಯ ತುಂಡುಗಳನ್ನು ಕಾಗದದ ಮೇಲೆ ಬಿಡಿಸಿ, ಬಟ್ಟೆಯನ್ನು ಮಡಚಿ, ಎರಡೂ ಬದಿಗೆ ಒಂದೇ ಸಲ ಕತ್ತರಿ ಹಾಕುತ್ತಾರೆ. ನಾನು ಕಲಿತದ್ದೂ ಹಾಗೆಯೇ. ಆ ಚಳಿಗಾಲದಲ್ಲಿ ಆ ಗಾಯಕಿ ಅಳತೆ ಕೊಡಲು ಬರುವವರೆಗೂ ಅದರ ಬಗ್ಗೆ ಮರುಯೋಚನೆ ಮಾಡಿರಲಿಲ್ಲ.

ನಮ್ಮ ವರ್ಕ್‌ರೂಮ್ ಇರುವುದು ದಕ್ಷಿಣ ಲಂಡನ್ನಿನಲ್ಲಿ, ರೈಲು ಹಳಿಯ ಕೆಳಗಿನ ಇಟ್ಟಿಗೆ ಕಮಾನಿನೊಳಗೆ. ಮೇಲೆ ರೈಲು ಹೋದಾಗಲೆಲ್ಲ ಗುಂಡುಸೂಜಿಯ ಡಬ್ಬಿ ಮೇಜಿನ ಮೇಲೆ ಸಣ್ಣಗೆ ಗಲಗಲ ಅನ್ನುತ್ತದೆ. ನಾಟಕಗಳಿಗೆ ಉಡುಪು ಹೊಲಿದು ಕೊಡುವುದು ನಮ್ಮ ಕೆಲಸ. ಆ ಸಲ ಬಂದದ್ದು ವಿಕ್ಟೋರಿಯಾ ರಾಣಿಯ ಕಾಲದ ಕಥೆಯಿರುವ ಒಂದು ಸಂಗೀತ ನಾಟಕ. ಮೇಲಿನ ಗೌನಷ್ಟೇ ಅಲ್ಲ, ಒಳಗೆ ಎದೆಯಿಂದ ಸೊಂಟದ ಕೆಳಗಿನವರೆಗೆ ಬಿಗಿದು ಕಟ್ಟುವ ಕಾರ್ಸೆಟ್ ಕೂಡ ಆ ಕಾಲದ ರೀತಿಯಲ್ಲೇ ಇರಬೇಕು ಎಂದು ಅದರ ವಸ್ತ್ರವಿನ್ಯಾಸಕಿ ಪಟ್ಟು ಹಿಡಿದಿದ್ದರು. ನಿಲುವು ಒಳಗಿನಿಂದ ಬರಬೇಕು, ಇಲ್ಲದಿದ್ದರೆ ಮೇಲಿನ ರೇಷ್ಮೆ ಎಷ್ಟು ಚೆನ್ನಾಗಿದ್ದರೂ ಬಾಡಿಗೆ ವೇಷದಂತೆ ಕಾಣುತ್ತದೆ ಎಂಬುದು ಅವರ ಮಾತು. ಅದನ್ನು ನಾನೂ ಒಪ್ಪುತ್ತೇನೆ. ರಂಗದ ಮೇಲೆ ಬರುವ ಹೆಂಗಸರೆಲ್ಲರ ಕಾರ್ಸೆಟ್‌ಗಳನ್ನು ವರ್ಕ್‌ರೂಮಿನ ಮುಖ್ಯಸ್ಥೆ ನನ್ನ ಪಾಲಿಗೆ ಹಾಕಿದರು.

ಕಾರ್ಸೆಟ್ ಎಂದರೆ ಸೊಂಟವನ್ನು ಬಿಗಿದು ಸಣ್ಣ ಮಾಡುವುದು ಎಂದು ಹೊರಗಿನವರು ತಿಳಿದಿರುತ್ತಾರೆ. ಬಿಗಿಯುವುದು ಸುಲಭ. ಬಿಗಿದಾಗ ಅಲ್ಲಿದ್ದ ಮೈ ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿ ಜಾಗ ಬಿಡುವುದೇ ಕೆಲಸ. ನಾಟಕದ ಹಿರಿಯ ನಟಿ ದಪ್ಪ ಮೈಯವರು. ಅವರಿಗೆ ಸೊಂಟದಿಂದ ಕೆಳಗೆ ಧಾರಾಳ ಜಾಗ ಬಿಟ್ಟಾಗ ಮೈ ತಾನಾಗಿ ಇಳಿದು ಕೂತಿತು. ಆಕೆ ಕುರ್ಚಿಯಲ್ಲಿ ಕೂತು, ಎದ್ದು, ನನ್ನ ದಿನದ ಬಟ್ಟೆಗಿಂತ ಇದೇ ಹಿತವಾಗಿದೆ ಎಂದರು. ಕಡ್ಡಿಯಂತಿದ್ದ ಇನ್ನೊಬ್ಬಳಲ್ಲಿ ಬಿಗಿಯಲು ಏನೂ ಇರಲಿಲ್ಲ. ಅವಳಿಗೆ ಎದೆಯ ಕೆಳಗೂ ಪೃಷ್ಠದ ಮೇಲೂ ತೆಳು ಮೆತ್ತೆ ಕೊಟ್ಟು, ಸೊಂಟ ಸಣ್ಣದೆಂದು ಕಣ್ಣಿಗೆ ಅನ್ನಿಸುವಂತೆ ಮಾಡಿದೆ. ಮಗುವಿಗೆ ಹಾಲು ಕೊಡುತ್ತಿದ್ದ ಒಬ್ಬಳ ಎದೆಯ ಅಳತೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಅವಳದಕ್ಕೆ ಬೆನ್ನಿನಲ್ಲಷ್ಟೇ ಅಲ್ಲ, ಪಕ್ಕಗಳಲ್ಲೂ ಬೇಕಾದಂತೆ ಬಿಗಿದು ಸಡಿಲಿಸುವ ದಾರ, ಅಂದರೆ ಲೇಸ್, ಇಟ್ಟೆ. ಇವೆಲ್ಲ ಬೆವರಿಳಿಸುವ ಕೆಲಸವೇ, ಆದರೆ ದಾರಿ ಗೊತ್ತಿದ್ದ ಕೆಲಸ.

ಕೊನೆಗೆ ಬಂದವಳು ಆ ಗಾಯಕಿ. ನಾಟಕದ ಮುಖ್ಯ ಪಾತ್ರ ಅವಳದು. ಹೆಸರು ನೋಡಿ ನಮ್ಮ ಕಡೆಯವಳಿರಬಹುದು ಅಂದುಕೊಂಡಿದ್ದೆ. ಅಳತೆ ಟೇಪು ಹಿಡಿದು, ಊರು ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಈಸ್ಟ್ ಹ್ಯಾಮ್ ಎಂದಳು. ಅಪ್ಪ ಅಮ್ಮ ಕುಂದಾಪುರದವರು, ಹೈ ಸ್ಟ್ರೀಟ್‌ನ ಹೋಟೆಲೊಂದರಲ್ಲಿ ಅಪ್ಪನೇ ಅಡುಗೆಯ ಮುಖ್ಯಸ್ಥ. ನಾನು ಧಾರವಾಡದವಳೆಂದು ಹೇಳಿದ ಮೇಲೆ ಅವಳ ಬಾಯಿಂದ ಕನ್ನಡ ಅಂಜಿಕೊಂಡು ಹೊರಬಂತು. ಇಲ್ಲೇ ಹುಟ್ಟಿದವಳು, ಮನೆಯಲ್ಲಿ ಕೇಳಿದ ಕುಂದಾಪುರದ ಮಾತು ಬಿಟ್ಟರೆ ಬೇರೆ ಕನ್ನಡ ಅವಳಿಗೆ ಗೊತ್ತಿರಲಿಲ್ಲ.

ಅಂಗಿ ತೆಗೆದು ತಿರುಗಿ ನಿಂತಳು. ಬೆನ್ನಹುರಿ ಕುತ್ತಿಗೆಯಿಂದ ಹೊರಟು ಬಲಕ್ಕೆ ಬಾಗಿ, ಸೊಂಟದ ಹತ್ತಿರ ಮತ್ತೆ ಎಡಕ್ಕೆ ಹೊರಳಿತ್ತು. ಬಲಗಡೆಯ ಪಕ್ಕೆಲುಬುಗಳು ಹಿಂದಕ್ಕೆ ಉಬ್ಬಿ ನಿಂತಿದ್ದವು. ಎಡ ಸೊಂಟದಲ್ಲಿ ಆಳವಾದ ತಗ್ಗು, ಬಲ ಸೊಂಟ ಹೆಚ್ಚುಕಡಿಮೆ ನೇರ. ನಾನು ಟೇಪು ಸುತ್ತಿದೆ. ಅವಳು ಕನ್ನಡಿಯಲ್ಲಿ ನನ್ನ ಮುಖವನ್ನೇ ಗಮನಿಸುತ್ತಿದ್ದಳು. ಹಿಂದೆ ಎರಡು ಕಡೆ ಇಂಥದೇ ಕಾಲದ ಪಾತ್ರಗಳು ಕೈವರೆಗೆ ಬಂದು, ಅಳತೆ ತೆಗೆದ ಮೇಲೆ ಬೇರೆಯವರಿಗೆ ಹೋಗಿದ್ದವಂತೆ. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಮೊದಲಿಗೆ ನಾನು ಗೊತ್ತಿದ್ದ ದಾರಿಯಲ್ಲೇ ಹೋದೆ. ಎರಡೂ ಬದಿಯ ಅಳತೆ ಕೂಡಿಸಿ, ಅರ್ಧ ಮಾಡಿ, ಒಂದು ಪ್ಯಾಟರ್ನ್ ಬರೆದೆ. ನಿಜವಾದ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಗ್ಗದ ಕಾಟನ್ನಿನಲ್ಲಿ ಒಂದು ಮಾದರಿ ಹೊಲಿದು ನೋಡುತ್ತೇವೆ. ಆ ಮಾದರಿಯನ್ನು ತೊಡಿಸಿ ಹಿಂದೆ ಲೇಸ್ ಎಳೆದೆ. ಬೆನ್ನ ಮೇಲೆ ಲೇಸಿನ ಎರಡು ಅಂಚುಗಳು ಒಂದಕ್ಕೊಂದು ಸಮನಾಗಿ ನಿಲ್ಲಬೇಕು. ಇಲ್ಲಿ ಅವು ಮೇಲೆ ಬಾಯಿ ತೆರೆದು ಕೆಳಗೆ ಕೂಡಿಕೊಂಡವು. ಮುಂದೆ ಕೊಂಡಿ ಹಾಕುವ ಉಕ್ಕಿನ ಪಟ್ಟಿಗೆ ಬಸ್ಕ್ ಎನ್ನುತ್ತೇವೆ. ಅದು ಹೊಕ್ಕುಳನ್ನು ಬಿಟ್ಟು ಪಕ್ಕಕ್ಕೆ ಸರಿದಿತ್ತು. ಹಾಡು ಎಂದಾಗ ಒಂದು ಸಾಲು ಹಾಡಿ ನಿಲ್ಲಿಸಿದಳು.

ಎಡಗಡೆಯ ತಗ್ಗಿಗೆ ಮೆತ್ತೆ ತುಂಬಿದೆ. ಬಲಗಡೆ ಸ್ವಲ್ಪ ಸಡಿಲ ಬಿಟ್ಟೆ. ಎರಡನೇ ಸಲ ತೊಡಿಸಿದಾಗ ಕನ್ನಡಿಯಲ್ಲಿ ಚೆನ್ನಾಗಿ ಕಂಡಿತು. ಲೇಸಿನ ಅಂಚುಗಳೂ ಸಮನಾಗಿದ್ದವು. ಮುಖ್ಯಸ್ಥೆ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. ನಾನು ಉಬ್ಬಿದ ಪಕ್ಕೆಲುಬಿನ ಮೇಲೆ ಬೆರಳಿಟ್ಟು ಕೇಳಿದೆ.

"ಇಲ್ಲಿ ಹೆಂಗೈತಿ?"

ಅವಳು ಮುಖ್ಯಸ್ಥೆಯ ಕಡೆ ನೋಡಿ ದನಿ ತಗ್ಗಿಸಿದಳು. "ಅಲ್ ನೋವಿತ್ತ್, ಅಕ್ಕ."

"ಹೌದೇನು? ಛಲೋ ಆತು ಬಿಡು," ಎಂದು ಅವಳ ಭುಜ ತಟ್ಟಿದೆ.

ಅದೇ ಪ್ಯಾಟರ್ನಿನ ಮೇಲೆ ಕೂಟಿಲ್ ಕತ್ತರಿಸಿದೆ. ಕೂಟಿಲ್ ಎಂದರೆ ಕಾರ್ಸೆಟ್‌ಗೆಂದೇ ಒತ್ತೊತ್ತಾಗಿ ನೇಯ್ದ ಹತ್ತಿ ಬಟ್ಟೆ, ಎಷ್ಟು ಎಳೆದರೂ ಹಿಗ್ಗುವುದಿಲ್ಲ. ತುಂಡುಗಳನ್ನು ಜೋಡಿಸಿ, ಹೊಲಿಗೆಯ ಉದ್ದಕ್ಕೂ ಉಕ್ಕಿನ ಕಡ್ಡಿ ತೂರಿಸುವ ಕೊಳವೆಗಳನ್ನು ಹೊಲಿದು, ಸೊಂಟದ ಸುತ್ತ ಒಳಗೆ ಗಟ್ಟಿ ಪಟ್ಟಿ ಕೊಟ್ಟು, ಬೆನ್ನಿಗೆ ಲೇಸು ತೂರಿಸುವ ಲೋಹದ ಕಣ್ಣುಗಳನ್ನು ಹೊಡೆದು ಮುಗಿಸಿದೆ. ನೋಡಲು ಬಲು ಅಂದವಾಗಿತ್ತು. ಅವಳು ಅದನ್ನು ತೊಟ್ಟು ತಾಲೀಮಿಗೆ ಹೋದಳು. ಮೊದಲ ಅಂಕದ ದೊಡ್ಡ ಹಾಡಿನ ನಡುವೆ ದನಿ ನಿಂತಿತು. ಪಿಯಾನೋದವರು ಇನ್ನೂ ಎರಡು ಸಾಲು ನುಡಿಸಿ ಕೈ ಎತ್ತಿದರು. ಅವಳು ಗೋಡೆ ಹಿಡಿದು ನಿಂತಿದ್ದಳೆಂದು ನನಗೆ ತಿಳಿದದ್ದು ನಿರ್ದೇಶಕರ ಫೋನು ಬಂದ ಮೇಲೆ.

ನಿರ್ದೇಶಕರು ಕೆಟ್ಟವರಲ್ಲ. ಅವರ ತಲೆಯ ಮೇಲೆ ಇಡೀ ನಾಟಕವಿತ್ತು. ಪ್ರದರ್ಶನಕ್ಕೆ ಮುಂಚೆ ಎಲ್ಲರೂ ಪೂರ್ತಿ ವೇಷ ತೊಟ್ಟು ಮಾಡುವ ಉಡುಪಿನ ತಾಲೀಮಿನಲ್ಲಿ ಕಾರ್ಸೆಟ್ ತೊಟ್ಟು ಪೂರ್ತಿ ಹಾಡಲಾಗದಿದ್ದರೆ, ಅವಳ ಪಾತ್ರಕ್ಕೆ ಬದಲಿಯಾಗಿ ಸಿದ್ಧಳಾಗುತ್ತಿದ್ದ ಗಾಯಕಿಗೇ ಮೊದಲ ಪ್ರದರ್ಶನ ಕೊಡುವುದಾಗಿ ಹೇಳಿದರು. ನಮ್ಮ ಮುಖ್ಯಸ್ಥೆ ಬೇರೆ ದಾರಿ ಸೂಚಿಸಿದರು: ಅವಳೊಬ್ಬಳಿಗೆ ಕಾರ್ಸೆಟ್ ಬೇಡ, ಗೌನಿನ ಒಳಗೇ ನಾಲ್ಕು ಕಡ್ಡಿ ಹೊಲಿದು ಬಿಡೋಣ. ವಿನ್ಯಾಸಕಿಗೆ ಅದು ಸರಿಬರಲಿಲ್ಲ. ಉಳಿದವರೆಲ್ಲ ಒಂದು ರೀತಿ ನಿಂತು, ಮುಖ್ಯ ಪಾತ್ರದವಳೊಬ್ಬಳೇ ಬೇರೆ ರೀತಿ ನಿಂತರೆ ಯಾರ ಕಣ್ಣಿಗೂ ಬೀಳುತ್ತದೆ ಎಂದರು.

ಮರುದಿನ ಗಾಯಕಿ ಕಾರ್ಸೆಟ್ಟನ್ನು ಚೀಲದಲ್ಲಿ ತಂದು ನನ್ನ ಮೇಜಿನ ಮೇಲಿಟ್ಟಳು. ಪಕ್ಕೆಯ ಮೇಲೆ ಕಡ್ಡಿಯ ಅಚ್ಚು ಕೆಂಪಗೆ ಮೂಡಿತ್ತು. ಇಷ್ಟು ನೋವಿದ್ದರೂ ಅವತ್ತು ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ದೆ ಅಲ್ದಾ ಅಕ್ಕ, ನೋವಿತ್ತ್ ಅಂದೇಳಿ. ನೀವೇ 'ಛಲೋ ಆತು' ಅಂದ್ರಿ."

ಅವಳ ಮಾತನ್ನು ನಾನೇ ಮತ್ತೊಮ್ಮೆ ಹೇಳಿಕೊಂಡೆ. ಆಮೇಲೆ ಹೊಳೆಯಿತು. ನನ್ನ ಕಿವಿಗೆ 'ಇತ್ತು' ಎಂದರೆ ಮುಂಚೆ ಇತ್ತು, ಈಗಿಲ್ಲ. ಕುಂದಾಪುರದವರ ಬಾಯಲ್ಲಿ 'ಇತ್ತ್' ಎಂದರೆ ಈಗ ಇದೆ. ಮೆತ್ತೆ ಹಾಕಿದ ಮೇಲೆ ನೋವು ಹೋಯಿತು ಎಂದು ನಾನು ಖುಷಿಪಟ್ಟಿದ್ದೆ. ಅವಳೋ, ನೋವಾದರೆ ಒಳ್ಳೆಯದೆನ್ನುವ ದರ್ಜಿ ಸಿಕ್ಕಿದ್ದಾಳೆ, ಕಾರ್ಸೆಟ್ ಅಂದರೆ ಹೀಗೆಯೇ ಇರಬೇಕು ಎಂದುಕೊಂಡು ಹಲ್ಲು ಕಚ್ಚಿದ್ದಳು. ಅದನ್ನು ಬಿಡಿಸಿ ಹೇಳಿದಾಗ ಮೊದಲು ಅವಳಿಗೆ ನಗು ಬಂತು, ಆಮೇಲೆ ನನಗೆ. ಮುಖ್ಯಸ್ಥೆ ಬಾಗಿಲಲ್ಲಿ ಇಣುಕಿ, ಇವರಿಬ್ಬರಿಗೆ ಏನಾಯಿತು ಎಂಬಂತೆ ನೋಡಿ ಹೋದರು.

ನಗು ನಿಂತ ಮೇಲೆ ಅವಳು ಮಾತಾಡಿದಳು. ಶಾಲೆಯ ದಿನಗಳಲ್ಲಿ ಬೆನ್ನಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಬ್ರೇಸ್ ಹಾಕುತ್ತಿದ್ದಳಂತೆ. ಬೆಳಿಗ್ಗೆ ಅಮ್ಮ ಪಟ್ಟಿ ಬಿಗಿಯುತ್ತಿದ್ದರು, ಸಂಜೆಯವರೆಗೂ ಅದರೊಳಗೇ ಇರಬೇಕು.

"ಅದ್ ನನ್ನನ್ ಸ್ಟ್ರೈಟ್ ಮಾಡೂಕೆ ಇದ್ದದ್. ಇದೂ ಹಾಂಗೇ ಅಂದೇಳಿ ಎಣ್ಸಿದ್ದೆ. ನೀವೂ ಹಾಂಗೇ ಮಾಡ್ತಾ ಇದ್ರಿ ಅಲ್ದಾ?"

ದೂರುವ ದನಿಯಲ್ಲಿ ಹೇಳಿದ್ದಲ್ಲ. ಆದರೂ ಅದು ನಿಜ. ನನ್ನ ಪ್ಯಾಟರ್ನಿನ ಒಂದೊಂದು ಗೆರೆಯೂ ಅವಳ ಬೆನ್ನನ್ನು ನಡುಗೆರೆಗೆ ಎಳೆದು ತರಲು ನೋಡುತ್ತಿತ್ತು. ಆ ಮೈ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಆ ಪ್ಯಾಟರ್ನನ್ನು ಅಲ್ಲಿಗೇ ಬಿಟ್ಟೆ. ಬಟ್ಟೆಯನ್ನು ಮಡಚಿ ಕತ್ತರಿಸುವುದಿಲ್ಲ, ಎಡಕ್ಕೆ ಬೇರೆ, ಬಲಕ್ಕೆ ಬೇರೆ ಬರೆಯುತ್ತೇನೆ ಎಂದು ಮುಖ್ಯಸ್ಥೆಗೆ ಹೇಳಿದೆ. ಅವರು ಮಣಿಕಟ್ಟಿನ ಮೇಲಿನ ಸೂಜಿದಿಂಬಿನಿಂದ ಒಂದು ಸೂಜಿ ತೆಗೆದು, ಮತ್ತೆ ಅಲ್ಲೇ ಚುಚ್ಚಿದರು.

"ಇದು ಸರಿಹೋಗದಿದ್ದರೆ ಮತ್ತೊಂದಕ್ಕೆ ಸಮಯವಿಲ್ಲ," ಎಂದರು. "ಉಳಿದವರ ಕೆಲಸ ನನ್ನ ಮೇಜಿಗೆ ತಂದಿಡು. ನೀನು ಇದೊಂದನ್ನೇ ಮಾಡು."

ಭಾನುವಾರ ವರ್ಕ್‌ರೂಮಿಗೆ ಬೀಗ. ಗಾಯಕಿ ಇಲ್ಫರ್ಡಿನ ನಮ್ಮ ಮನೆಗೇ ಬಂದಳು. ನನ್ನ ಅತ್ತೆ ಆಗ ಊರಿಂದ ಬಂದಿದ್ದರು. ಮುಂದಿನ ಕೋಣೆಯ ಪರದೆ ಎಳೆದು, ತೆಳು ಬನಿಯನ್ ತೊಡಿಸಿ, ಮೈಯ ಅಚ್ಚು ತೆಗೆಯಲು ಅಡುಗೆಮನೆಯಲ್ಲಿ ತಿಂಡಿ ಸುತ್ತಿಡುವ ತೆಳು ಪ್ಲಾಸ್ಟಿಕ್ಕಿನ ಕ್ಲಿಂಗ್ ಫಿಲ್ಮನ್ನು ಅವಳ ಎದೆಯಿಂದ ಪೃಷ್ಠದವರೆಗೆ ಸುತ್ತತೊಡಗಿದೆ. ಅತ್ತೆ ಚಹಾ ತಂದವರು ಬಾಗಿಲಲ್ಲೇ ನಿಂತರು.

"ಯವ್ವಾ, ರೊಟ್ಟಿ ಸುತ್ತಿದಂಗ ಸುತ್ತಾಕತ್ತಿಯಲ್ಲ. ಉಸಿರಾಡ್ಲಿಕ್ಕೆ ಆಕೈತೇನು ಆ ಕೂಸಿಗೆ?"

ಉಸಿರಾಡುವುದೇ ಅಂದಿನ ಕೆಲಸವಾಗಿತ್ತು. ಫಿಲ್ಮಿನ ಮೇಲೆ ಅಗಲವಾದ ಅಂಟುಟೇಪನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಅಂಟಿಸುತ್ತ ಹೋದೆ. ಉದ್ದ ತುಂಡು ಹಾಕಿದರೆ ಅದು ಮೈಯನ್ನು ಎಳೆಯುತ್ತದೆ, ಚಿಕ್ಕದು ಮೈಯ ತಿರುವಿನ ಜೊತೆಗೇ ಕೂರುತ್ತದೆ. ಪಕ್ಕೆಲುಬಿನ ಭಾಗಕ್ಕೆ ಬಂದಾಗ ಅವಳಿಗೆ ಹಾಡಲು ಹೇಳಿದೆ. ದೀರ್ಘ ಸಾಲಿಗೆ ಮುಂಚೆ ಎದೆ ತುಂಬ ಗಾಳಿ ತೆಗೆದುಕೊಂಡು ತಡೆದು ನಿಂತಾಗಲೇ ಟೇಪು ಅಂಟಿಸಿದೆ. ಮತ್ತೆ ಹಾಡು, ಮತ್ತೆ ಉಸಿರು, ಮತ್ತೆ ಟೇಪು. ನಮ್ಮದು ಸಾಲುಮನೆ, ಗೋಡೆಗೆ ಗೋಡೆ ತಾಗಿದ್ದು. ಪಕ್ಕದ ಮನೆಯ ಟಿವಿಯ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಅತ್ತೆ ಚಹಾ ಆರಿದ್ದೂ ನೋಡದೆ ಸೋಫಾದ ತುದಿಯಲ್ಲಿ ಕೂತು ಪೂರ್ತಿ ಕೇಳಿದರು.

ಅಂಟಿಸಿ ಮುಗಿದ ಮೇಲೆ ಪೆನ್ನಿನಿಂದ ಹೊಲಿಗೆಯ ಗೆರೆಗಳನ್ನು ಅವಳ ಮೈ ಮೇಲೆಯೇ ಎಳೆದೆ. ಎಡ ಸೊಂಟ ಬಲಕ್ಕಿಂತ ಮೇಲಿತ್ತು, ಸೊಂಟದ ಗೆರೆ ಓರೆಯಾಯಿತು. ಓರೆಯಾಗಿಯೇ ಬಿಟ್ಟೆ. ಬಸ್ಕ್ ಮಾತ್ರ ಬಗ್ಗದ ಉಕ್ಕು, ಅದಕ್ಕೊಂದು ನೇರ ಜಾಗ ಬೇಕು. ಕತ್ತಿನ ಗುಣಿಯಿಂದ ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಟ್ಟು, ಅದು ತೋರಿದ ಗೆರೆಯಲ್ಲೇ ಬಸ್ಕ್ ಎಂದು ಗುರುತು ಹಾಕಿದೆ. ಆ ಗೆರೆಯ ಎರಡೂ ಬದಿಗೆ ಮೈ ಹೇಗಿದೆಯೋ ಹಾಗೆ. ಆಮೇಲೆ ಮೊಂಡು ತುದಿಯ ಕತ್ತರಿಯಿಂದ ಬನಿಯನ್ ಸಮೇತ ಬೆನ್ನಿನುದ್ದಕ್ಕೂ ಸೀಳಿ ಚಿಪ್ಪಿನಂತೆ ಬಿಡಿಸಿದೆ.

ಗೆರೆಗಳ ಮೇಲೆ ಕತ್ತರಿಸಿ ತುಂಡುಗಳನ್ನು ಊಟದ ಮೇಜಿನ ಮೇಲೆ ಹರಡಿದಾಗ ಎಡಗಡೆಯ ಒಂದು ತುಂಡೂ ಬಲಗಡೆಯದನ್ನು ಹೋಲಲಿಲ್ಲ. ಎಡದವು ನಡುವಿನಲ್ಲಿ ಸಣ್ಣಗಾಗಿ ಎರಡು ತುದಿಗೂ ಅಗಲವಾಗಿದ್ದವು. ಬಲದವು ಉದ್ದನೆಯ ಎಲೆಗಳ ಹಾಗೆ. ಅವಳು ಮೇಜಿನ ಸುತ್ತ ನಡೆದು ಒಂದೊಂದನ್ನೇ ಮುಟ್ಟಿ ನೋಡಿದಳು.

"ಇದೆಲ್ಲ ನಾನಾ?" ಎಂದಳು.

ಇನ್ನು ಬಿಗಿತದ ಪ್ರಶ್ನೆ. ಸೊಂಟ ಸಣ್ಣದಾಗಿ ಕಾಣಲೇಬೇಕು, ಆದರೆ ಎರಡೂ ಕಡೆ ಸಮನಾಗಿ ಎಳೆಯಬೇಕೆಂದು ಯಾರು ಹೇಳಿದ್ದು? ಎಲುಬಿರುವಲ್ಲಿ ಮೈ ಜಗ್ಗುವುದಿಲ್ಲ, ಮೆತ್ತಗಿರುವಲ್ಲಿ ಜಗ್ಗುತ್ತದೆ. ಕಡಿಮೆ ಮಾಡುವುದನ್ನೆಲ್ಲ ಎಡ ಪಕ್ಕೆಯ ಕೆಳಗೆ ಮತ್ತು ಹೊಟ್ಟೆಯ ಮುಂಭಾಗದಲ್ಲಿ ಹಂಚಿದೆ. ಬಲ ಪಕ್ಕೆಲುಬಿನ ಮೇಲೆ ಒಂದು ನೂಲೂ ತೆಗೆಯಲಿಲ್ಲ. ಎಡಗಡೆ ಚಪ್ಪಟೆ ಉಕ್ಕಿನ ಕಡ್ಡಿಗಳನ್ನು ಇಟ್ಟೆ. ಬಲಗಡೆ ಉಬ್ಬಿನ ಮೇಲೆ ಉಕ್ಕೇ ಬೇಡವೆಂದು, ಎರಡು ಪದರ ಬಟ್ಟೆಯ ನಡುವೆ ಗಟ್ಟಿ ಹತ್ತಿ ಹುರಿಗಳನ್ನು ಸಾಲಾಗಿ ಕೂರಿಸಿ ಹೊಲಿದೆ. ಹುರಿ ಬಟ್ಟೆಯನ್ನು ನೆಟ್ಟಗೆ ನಿಲ್ಲಿಸುತ್ತದೆ, ಉಸಿರಿಗೆ ಬಾಗುತ್ತದೆ. ಹಿಂದಿನ ಕಾಲದವರಿಗೂ ಈ ಹುರಿಯ ಕೆಲಸ ಗೊತ್ತಿತ್ತು, ಹಾಗಾಗಿ ವಿನ್ಯಾಸಕಿ ತಕರಾರು ತೆಗೆಯಲಿಲ್ಲ. ಬೆನ್ನಿಗೆ ಒಂದೇ ಲೇಸಿನ ಬದಲು ಎರಡು ಲೇಸ್: ಕೆಳಗಿನದು ಸೊಂಟಕ್ಕೆ, ಮೇಲಿನದು ಪಕ್ಕೆಲುಬಿಗೆ. ಸೊಂಟವನ್ನು ಬಿಗಿದರೂ ಮೇಲಿನದನ್ನು ಉಸಿರಿಗೆ ಬೇಕಾದಷ್ಟು ಬಿಡಬಹುದು.

ಹೊಲಿಯುವಾಗ ಒಂದು ಪೆಟ್ಟು ಬಿತ್ತು. ಬಲಗಡೆ ಉಬ್ಬಿನ ಮೇಲೆ ಕೂಡುವ ಎರಡು ತುಂಡುಗಳ ಅಂಚಿನ ಉದ್ದ ಬೇರೆ ಬೇರೆಯಾದ್ದರಿಂದ, ಅಲ್ಲಿನ ಹೊಲಿಗೆ ಮೆಷಿನ್ನಿನಲ್ಲಿ ಸುಕ್ಕುಗಟ್ಟಿತು. ಬಿಚ್ಚಿದೆ. ಮತ್ತೆ ಸುಕ್ಕು. ಕೂಟಿಲ್ಲನ್ನು ಹೆಚ್ಚು ಸಲ ಬಿಚ್ಚುವಂತಿಲ್ಲ, ಸೂಜಿಯ ತೂತುಗಳು ಉಳಿದು ಅಲ್ಲೇ ಹರಿಯುತ್ತದೆ. ಮೂರನೇ ಸಲ ಮೆಷಿನ್ನಿನ ಕಡೆ ಹೋಗದೆ, ಅಂಚನ್ನು ಉಗಿಯಲ್ಲಿ ಒತ್ತಿ ಕುಗ್ಗಿಸಿ, ಕೈಯಿಂದಲೇ ಹೊಲಿದೆ. ಮುಖ್ಯಸ್ಥೆ ನನ್ನ ಹಿಂದೆ ನಿಂತು ನೋಡಿ, ಇನ್ನೊಂದು ಕುರ್ಚಿ ಎಳೆದುಕೊಂಡು ಇನ್ನೊಂದು ತುದಿಯಿಂದ ಹೊಲಿಯತೊಡಗಿದರು. ನಮ್ಮಿಬ್ಬರ ಹೊಲಿಗೆ ನಡುವಿನಲ್ಲಿ ಕೂಡಿತು.

ತೊಡಿಸಿ ನೋಡಿದಾಗ ನಾನು ಈ ಸಲ ಮಾತನ್ನು ನಂಬಲಿಲ್ಲ. "ನೋವಿತ್ತಾ?" ಎಂದು ಅವಳ ಮಾತಿನಲ್ಲೇ ಕೇಳಿದೆ, "ಈಗ, ಈ ಕ್ಷಣಕ್ಕ?" ಎಂದು ನನ್ನ ಮಾತಿನಲ್ಲಿ ಮತ್ತೆ ಕೇಳಿದೆ. ಅವಳು ಕಣ್ಣುಮುಚ್ಚಿ ಉಸಿರು ತೆಗೆದುಕೊಂಡು ತಲೆ ಅಲ್ಲಾಡಿಸಿದಳು. ನೋವಿಲ್ಲ. ಕೂರಿಸಿದೆ, ಬಗ್ಗಿಸಿದೆ, ಮೆಟ್ಟಿಲು ಹತ್ತಿಸಿ ಇಳಿಸಿದೆ. ಆಮೇಲೆ ಬಿಚ್ಚಿ ಪಕ್ಕೆ ನೋಡಿದೆ. ಎಲ್ಲೂ ಕೆಂಪಾಗಿರಲಿಲ್ಲ.

ಉಡುಪಿನ ತಾಲೀಮಿನ ದಿನ ನಾನು ಖಾಲಿ ರಂಗಮಂದಿರದಲ್ಲಿ, ಮಡಿಲಲ್ಲಿ ಸೂಜಿ ದಾರ ಕತ್ತರಿ ಇಟ್ಟುಕೊಂಡು ಕೂತಿದ್ದೆ. ಹಿಂದಿನ ಸಾಲಿನಲ್ಲಿ ಬದಲಿ ಗಾಯಕಿ ಹಾಡಿನ ಪ್ರತಿ ಹಿಡಿದು ಕೂತಿದ್ದಳು. ದೊಡ್ಡ ಹಾಡು ಶುರುವಾಯಿತು. ಹಿಂದಿನ ಸಲ ದನಿ ನಿಂತ ಜಾಗವನ್ನು ನಮ್ಮ ಗಾಯಕಿ ನನಗೆ ಹೇಳಿದ್ದಳು. ಅದು ಹತ್ತಿರ ಬಂದಾಗ ನಾನೇ ಉಸಿರು ಬಿಗಿಹಿಡಿದೆ. ಅವಳು ಉಸಿರು ತೆಗೆದುಕೊಂಡಳು. ಗೌನಿನ ಬಲಗಡೆ ಪಕ್ಕೆ ಮೆಲ್ಲಗೆ ಹಿಗ್ಗಿದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಆಮೇಲೆ ದನಿ ಬಂತು. ಬಂದದ್ದು ಮೇಲಕ್ಕೆ ಹೋಯಿತು, ಹೋಗಿ ಅಲ್ಲೇ ನಿಂತಿತು, ಪಿಯಾನೋದವರು ನಗುತ್ತ ಅವಳಿಗಾಗಿ ಕಾಯುವಷ್ಟು ಹೊತ್ತು ನಿಂತಿತು. ಅವಳು ತನ್ನಿಷ್ಟ ಬಂದಾಗ ಇಳಿಸಿದಳು.

ನಿರ್ದೇಶಕರು ಕಾರ್ಸೆಟ್ಟಿನ ಮಾತೇ ಎತ್ತಲಿಲ್ಲ. "ಮುಂದಿನ ದೃಶ್ಯ," ಎಂದರು. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಹಿಂದಿನ ಸಾಲಿನಿಂದ ಚಪ್ಪಾಳೆ ಕೇಳಿಸಿ ತಿರುಗಿದೆ. ಬದಲಿ ಗಾಯಕಿ ಹಾಡಿನ ಪ್ರತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮನಸಾರೆ ತಟ್ಟುತ್ತಿದ್ದಳು.

ಆ ದೃಶ್ಯದ ನಂತರ ದಪ್ಪ ಮೈಯ ಹಿರಿಯ ನಟಿ ನನ್ನನ್ನು ಪಕ್ಕಕ್ಕೆ ಕರೆದು, ನನ್ನ ಎಡ ಬಲವೂ ಒಂದೇ ಇಲ್ಲ ಮಾರಾಯ್ತಿ, ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಹೇಳಿದರು. ವರ್ಕ್‌ರೂಮಿನಲ್ಲಿ ಆಮೇಲೆ ಎಲ್ಲರ ಎರಡೂ ಬದಿಯ ಅಳತೆ ತೆಗೆಯುವುದು ರೂಢಿಯಾಯಿತು. ಎರಡೂ ಬದಿ ಒಂದೇ ಇರುವವರು ನನಗೆ ಇನ್ನೂ ಸಿಕ್ಕಿಲ್ಲ.

ಕೊನೆಯ ಅಂಕಕ್ಕೆ ಒಂದು ಗೌನಿತ್ತು, ಬೆನ್ನು ಅರ್ಧ ತೆರೆದದ್ದು. ಗಾಯಕಿಯ ಬೆನ್ನು ಕಾಣದಿರಲಿ ಎಂದು ವಿನ್ಯಾಸಕಿ ಅದರ ಜೊತೆಗೆ ಬೂದು ಬಣ್ಣದ ಉಣ್ಣೆಯ ಶಾಲೊಂದನ್ನು ಮೊದಲೇ ಸೇರಿಸಿದ್ದರು. ಪ್ರದರ್ಶನದ ಹಿಂದಿನ ದಿನ ಗಾಯಕಿ ಶಾಲಿಲ್ಲದೆ ನಿಂತು, ಹೀಗೇ ಹೋಗಬಹುದೇ ಎಂದು ಕೇಳಿದಳು. ವಿನ್ಯಾಸಕಿ ಅವಳ ಸುತ್ತ ಒಂದು ಸುತ್ತು ಬಂದರು. ಗೌನಿನ ಹೊಲಿಗೆಗಳು ಒಳಗಿನ ಕಾರ್ಸೆಟ್ಟಿನ ಗೆರೆಗಳನ್ನೇ ಹಿಡಿದು, ಬಲಕ್ಕೆ ಬಾಗಿ ಎಡಕ್ಕೆ ಹರಿದಿದ್ದವು. ಅದು ನಿನಗೆ ಬಿಟ್ಟದ್ದು, ಬೇಕೆನಿಸಿದರೆ ಶಾಲು ಪಕ್ಕದಲ್ಲೇ ಇರುತ್ತದೆ ಎಂದರು.

ಮೊದಲ ಪ್ರದರ್ಶನದಲ್ಲಿ ಕೊನೆಯ ಅಂಕಕ್ಕೆ ನಾನು ರಂಗದ ಪಕ್ಕದಲ್ಲಿ ಶಾಲು ಹಿಡಿದು ನಿಂತೆ. ಅವಳ ಅಪ್ಪ ಹೋಟೆಲಿಗೆ ರಜೆ ಹಾಕಿ ಅಮ್ಮನ ಜೊತೆ ಎದುರಿನ ಸಾಲಿನಲ್ಲಿದ್ದರು. ಅವಳು ನನ್ನ ಹತ್ತಿರ ಬಂದು, ಶಾಲಿನ ಮೇಲೆ ಒಮ್ಮೆ ಕೈಯಿಟ್ಟಳು.

"ಬ್ಯಾಡ ಅಕ್ಕ," ಎಂದಳು.

ಬೆಳಕಿನೊಳಗೆ ಹೋದಳು. ಆ ಹಾಡಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ, ಜನರಿಗೆ ಬೆನ್ನು ಕೊಟ್ಟು ಹಾಡಬೇಕು. ತಿರುಗಿದಳು. ತುಂಬಿದ ರಂಗಮಂದಿರದ ಮುಂದೆ ಆ ಬೆನ್ನು ತನ್ನ ಬಾಗು ಸಮೇತ ನೆಟ್ಟಗೆ ನಿಂತು ಹಾಡಿತು. ಹಾಡು ಮುಗಿದಾಗ ಜನ ಕಾಯಲಿಲ್ಲ, ಅವಳು ಮುಖ ತಿರುಗಿಸುವ ಮೊದಲೇ ಎದ್ದು ನಿಂತರು.

ಮುಂದಿನ ವಾರ ರಂಗಮಂದಿರದವರು ಆ ಶಾಲನ್ನು ಮಡಚಿ ನಮಗೆ ವಾಪಸ್ ಕಳಿಸಿದರು, ಇನ್ನು ಬೇಕಾಗುವುದಿಲ್ಲವೆಂದು. ಒಳ್ಳೆಯ ಉಣ್ಣೆ. ಮುಖ್ಯಸ್ಥೆ ಅದನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣದ ಗೆರೆ ಎಳೆದು, ಬೇರೊಂದು ನಾಟಕದ ಕೋಟಿಗೆ ಅಸ್ತರವಾಗಿ ಕತ್ತರಿಸಿದರು.